ಹದಿನಾಲ್ಕನೇ ನಂಬರಿನ ಮಂಡಿ

ಪಂಪು ಕಾರ್ಖಾನೆಯವರು ಅಂಜನಮೂರ್ತಿಯನ್ನು ಗೋಡೆ ಎಂದು ಕರೆಯುತ್ತಿದ್ದರು. ಹೊಗಳಿಕೆ ಎಂದುಕೊಂಡೇ ಕರೆಯುತ್ತಿದ್ದರು, ಅವನೂ ಹೊಗಳಿಕೆ ಎಂದುಕೊಂಡೇ ಹಲ್ಲು ಬಿಡುತ್ತಿದ್ದ. ಅವನ ಹೆಂಡತಿ ಆದಿಲಕ್ಷ್ಮಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಯನ್ನು ಯಾರು ನೋಡುತ್ತಾರೆ? ಬೇಕಾದವರು ಒರಗಿಕೊಳ್ಳುತ್ತಾರೆ, ಬೇಕಾದವರು ಮೊಳೆ ಹೊಡೆಯುತ್ತಾರೆ, ಎಲೆಕ್ಷನ್ ಬಂದಾಗ ಪೋಸ್ಟರ್ ಅಂಟಿಸಿ ಹೋಗುತ್ತಾರೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಇದನ್ನು ಅವನ ಮುಂದೆಯೇ ಹೇಳಿದ್ದಳು. ಅವನು ನಕ್ಕು, ಬೂಟಿನ ಕೆಸರು ಕೆರೆಯುತ್ತ ಕೂತಿದ್ದ.

ಹಲಸೂರಿನ ಗೌತಮಪುರದಲ್ಲಿ ಫುಟ್‌ಬಾಲ್ ಆಡದ ಗಂಡಸನ್ನು ಹುಡುಕಬೇಕಾದರೆ ಲಾಟೀನು ಹಿಡಿದು ಹೊರಡಬೇಕು. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಮುದುಕರಿಗೆ ನಲವತ್ತು ವರ್ಷದ ಹಿಂದಿನ ಗೋಲೂ ನೆನಪಿರುತ್ತದೆ. ಯಾರು ಮೂರು ಜನರನ್ನು ದಾಟಿಸಿ ಹೊಡೆದ, ಯಾರು ಎಡಗಾಲಲ್ಲಿ ತಿರುಗಿಸಿ ಹೊಡೆದ, ಎಲ್ಲ ಹೇಳುತ್ತಾರೆ. ಅಂಜನಮೂರ್ತಿಯ ವಿಷಯ ಬಂದರೆ ಹೇಳಲು ಅವರಿಗೆ ಕಥೆಯೇ ಇರುವುದಿಲ್ಲ. ಅವನು ಸ್ಟಾಪರ್, ಗೋಲ್‌ಕೀಪರ್‌ನ ಮುಂದೆ ನಿಂತು ಬಂದವರನ್ನೆಲ್ಲ ತಡೆಯುವವನು. ಹದಿನೈದೂವರೆ ವರ್ಷ ಕಾರ್ಖಾನೆಯ ಐದನೇ ನಂಬರಿನ ಜರ್ಸಿ ತೊಟ್ಟು ಆಡಿದ ಅವನು ಹೊಡೆದ ಗೋಲು ಒಟ್ಟು ಎರಡು. ಅದರಲ್ಲೊಂದು ತನ್ನದೇ ತಂಡದ ಗೋಲಿಗೆ. "ಅವನಿದ್ರೆ ಕೀಪರ್ ನಿದ್ದೆ ಮಾಡ್ಬಹುದು" ಎಂದು ಮುದುಕರು ಒಂದು ಮಾತು ಹೇಳಿ, ಮತ್ತೆ ಗೋಲು ಹೊಡೆದವರ ಕಡೆಗೆ ತಿರುಗುತ್ತಿದ್ದರು.

ಆದರೆ ಅವನು ತಾನಾಗಿ ಒಂದೇ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಮದುವೆಯಾದ ಮರುದಿನ ಬೆಳಿಗ್ಗೆ ಅರಿಸಿನದ ಕೈಯಲ್ಲೇ ಲೀಗ್ ಆಡಲು ಹೋಗಿದ್ದ. ಮಗಳು ರಮ್ಯಶ್ರೀ ಹುಟ್ಟಿದಾಗ ದಾವಣಗೆರೆಯಲ್ಲಿ ಆಡುತ್ತಿದ್ದ. ಜ್ವರ ನೂರಮೂರು ಇದ್ದಾಗಲೂ ತಂಡದ ಮ್ಯಾನೇಜರ್ ಬಸಣ್ಣನವರ ವ್ಯಾನು ಬೀದಿ ತುದಿಯಲ್ಲಿ ಹಾರನ್ ಹೊಡೆದರೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಆದಿಲಕ್ಷ್ಮಿ ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಅವನ ಜರ್ಸಿಯ ಬೆನ್ನಿನ ಐದು ಪ್ರತಿ ಸೀಸನ್ನಿನಲ್ಲೂ ಕಿತ್ತುಬರುತ್ತಿತ್ತು, ಪ್ರತಿ ಸಲವೂ ಅವಳೇ ಮತ್ತೆ ಹೊಲಿದು ಕೊಡುತ್ತಿದ್ದಳು.

ಈ ನಂಬಿಕೆಗೆ ಕಾರ್ಖಾನೆ ಕೊಟ್ಟ ಪ್ರತಿಫಲ ಏನು ಕೇಳಿ. ಸ್ಪೋರ್ಟ್ಸ್ ಕೋಟಾದಲ್ಲಿ ಅವನನ್ನು ೧೯೮೭ರಲ್ಲಿ ತೆಗೆದುಕೊಂಡದ್ದು ಫೌಂಡ್ರಿ ಹೆಲ್ಪರ್ ಎಂದು. ಅದು ಕಾಗದದ ಮೇಲಿನ ಮಾತು. ಬೆಳಿಗ್ಗೆ ಗರುಡಾಚಾರ್‌ಪಾಳ್ಯದ ಗೇಟಿನಲ್ಲಿ ಕಾರ್ಡ್ ಪಂಚ್ ಮಾಡುವುದು, ಹತ್ತು ಗಂಟೆಗೆ ಆಟದ ಚೀಟಿ ತೆಗೆದುಕೊಂಡು ಮೈದಾನಕ್ಕೆ ಹೋಗುವುದು, ಹದಿನೈದು ವರ್ಷ ಅದೇ ನಡೆಯಿತು. ಹೆಲ್ಪರ್ ಆಗಿದ್ದವನು ಮೇಲೆ ಹೋಗಬೇಕಾದರೆ ಡಿಸೆಂಬರಿನಲ್ಲಿ ನಡೆಯುವ ಟ್ರೇಡ್ ಟೆಸ್ಟ್ ಪಾಸು ಮಾಡಬೇಕು. ಡಿಸೆಂಬರಿನಲ್ಲಿ ಲೀಗ್ ಜೋರಾಗಿರುತ್ತದೆ. ಪ್ರತಿ ವರ್ಷ ಬಸಣ್ಣನವರು ಅವನ ಬೆನ್ನು ತಟ್ಟಿ, ನೀ ಪರೀಕ್ಷೆಗೆ ಕುಂತ್ರೆ ಹಿಂದ ಯಾರು ನಿಲ್ಲತಾರ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಪ್ರತಿ ವರ್ಷ ಇವನು ತಲೆಯಾಡಿಸುತ್ತಿದ್ದ. ೨೦೦೩ರ ಮಾರ್ಚಿನಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಕಾರ್ಖಾನೆ ತಂಡವನ್ನು ಮುಚ್ಚಿಬಿಟ್ಟಿತು. ಆಟಗಾರರೆಲ್ಲ ತಮ್ಮ ತಮ್ಮ ಮೂಲ ಹುದ್ದೆಗೆ ಹೋಗತಕ್ಕದ್ದು ಎಂದಿತ್ತು. ಮೂವತ್ತಾರು ವರ್ಷದ ಗೋಡೆ ಫೌಂಡ್ರಿ ಹೆಲ್ಪರ್ ಆಗಿ ಕಬ್ಬಿಣ ಕರಗುವ ಶೆಡ್ಡಿಗೆ ಹೋಯಿತು.

ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ದೊಡ್ಡದೊಂದು ಬೋಗುಣಿಯಲ್ಲಿ ತುಂಬಿ, ಎರಡೂ ಕಡೆಯ ಉದ್ದದ ಹಿಡಿಗಳನ್ನು ಇಬ್ಬರು ಹೊತ್ತು, ಅಚ್ಚಿನಿಂದ ಅಚ್ಚಿಗೆ ನಡೆಯುತ್ತಾರೆ. ಇಬ್ಬರ ಹೆಜ್ಜೆಯೂ ಒಂದೇ ಸಮ ಇರಬೇಕು. ಅಂಜನಮೂರ್ತಿಯ ಎಡಮಂಡಿ ಏಳು ವರ್ಷದಿಂದ ಕೆಟ್ಟಿತ್ತು. ಮೈದಾನದಲ್ಲಿ ಬಿಗಿಯಾಗಿ ಬ್ಯಾಂಡೇಜು ಸುತ್ತಿ ನಿಭಾಯಿಸಿದ್ದ. ಇಲ್ಲಿ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮಂಡಿ ತಾನಾಗಿ ಮಡಚಿಕೊಂಡಿತು. ಬೋಗುಣಿ ವಾಲಿ, ಎದುರಿನ ಹಿಡಿ ಹಿಡಿದಿದ್ದವನ ಬೂಟಿನ ತುದಿ ಸುಟ್ಟು ರಂಧ್ರವಾಯಿತು. ಕಾಲ್ಬೆರಳು ಉಳಿದದ್ದು ಅದೃಷ್ಟ.

ಇ.ಎಸ್.ಐ. ಡಾಕ್ಟರು ಎಕ್ಸ್‌ರೇ ನೋಡಿ, ಮಂಡಿಯ ಒಳಗಿನ ಮೆತ್ತೆ ಪೂರ್ತಿ ಸವೆದಿದೆ, ಹಳೆಯ ಪೆಟ್ಟು, ಇವನನ್ನು ಭಾರ ಹೊರಲು ಹಚ್ಚಬೇಡಿ ಎಂದು ಬರೆದುಕೊಟ್ಟರು. ಸ್ಟೋರ್‌ನಲ್ಲಿ ಕೂತು ಮಾಡುವ ಕೆಲಸ ಖಾಲಿ ಇತ್ತು. ಆಡುವಾಗ ಪೆಟ್ಟು ತಿಂದವರಿಗೆ ಅಂಥ ಕೆಲಸ ಕೊಡಬೇಕೆಂಬ ನಿಯಮವೂ ಇತ್ತು. ಆ ಕೆಲಸ ಸಿಕ್ಕರೆ ಗಂಡನ ಕಾಲು ಉಳಿಯುತ್ತದೆ, ಇಲ್ಲವಾದರೆ ಒಂದು ದಿನ ಬೋಗುಣಿ ಪೂರ್ತಿ ಮಗುಚುತ್ತದೆ. ಆದಿಲಕ್ಷ್ಮಿಗೆ ಲೆಕ್ಕ ಅಷ್ಟು ಸರಳವಾಗಿ ಕಾಣುತ್ತಿತ್ತು. ಅವನೊಬ್ಬನನ್ನೇ ಕಳಿಸಿದರೆ ತಲೆಯಾಡಿಸಿ ಬರುತ್ತಾನೆಂದು ಗೊತ್ತಿದ್ದರಿಂದ ಕಾರ್ಖಾನೆಯ ಆಫೀಸಿಗೆ ಅವಳೂ ಜೊತೆಗೆ ಹೋದಳು.

ಅಲ್ಲಿನ ಗುಮಾಸ್ತ ಒಳ್ಳೆಯವನೇ. ಪೆಟ್ಟು ಬಿದ್ದದ್ದು ಯಾವಾಗ ಎಂದು ಕೇಳಿದ. ಅಂಜನಮೂರ್ತಿ ಬಾಯಿ ಬಿಡುವ ಮೊದಲೇ ಆದಿಲಕ್ಷ್ಮಿ ಹೇಳಿದಳು, ತೊಂಬತ್ತಾರನೇ ಇಸವಿ, ಕೊಯಮತ್ತೂರಿನಲ್ಲಿ, ಕಾರ್ಖಾನೆ ಕಾರ್ಖಾನೆಗಳ ನಡುವಿನ ಕಪ್ಪಿನ ಫೈನಲ್‌ನಲ್ಲಿ ಎಂದು. ಗುಮಾಸ್ತ ಕಪಾಟಿನಿಂದ ಕಡತ ತೆಗೆದು ಓದತೊಡಗಿದ. ನವೆಂಬರ್ ೨೪, ಭಾನುವಾರ. ಐದನೇ ನಂಬರಿನ ಅಂಜನಮೂರ್ತಿ ಹಿಂದಿನ ಪಂದ್ಯಗಳಲ್ಲಿ ಎರಡು ಹಳದಿ ಕಾರ್ಡು ತಿಂದಿದ್ದರಿಂದ ಫೈನಲ್ ಆಡಲಿಲ್ಲ. ಅವನ ಜಾಗದಲ್ಲಿ ಆಡಿದವನು ಹದಿನಾಲ್ಕನೇ ನಂಬರಿನ ಖುರ್ಷೀದ್. ಕೆಳಗೆ ಮ್ಯಾನೇಜರ್ ಬಸಣ್ಣನವರ ವರದಿ. ಎಪ್ಪತ್ತನೇ ನಿಮಿಷದಲ್ಲಿ ಎಡಮಂಡಿಗೆ ಭಾರಿ ಪೆಟ್ಟು ಬಿದ್ದರೂ ಖುರ್ಷೀದ್ ಕೊನೆಯವರೆಗೆ ಎದೆಗುಂದದೆ ಆಡಿ ಕಪ್ಪನ್ನು ಉಳಿಸಿಕೊಟ್ಟಿರುತ್ತಾರೆ. ಅದರ ಕೆಳಗೆ ಇನ್ನೊಂದು ಆದೇಶ, ಈ ಸಾಧನೆಗಾಗಿ ಖುರ್ಷೀದ್‌ಗೆ ಚಾರ್ಜ್‌ಮನ್ ಹುದ್ದೆಗೆ ಬಡ್ತಿ, ಫೈನಲ್ ಆಡಿದ ಉಳಿದವರಿಗೆಲ್ಲ ಒಂದೊಂದು ಇನ್‌ಕ್ರಿಮೆಂಟು.

ನಿಮ್ಮವರು ಅವತ್ತು ಆಡೇ ಇಲ್ವಲ್ಲಮ್ಮ ಎಂದ ಗುಮಾಸ್ತ. ಅಂಜನಮೂರ್ತಿ ನೆಲ ನೋಡುತ್ತಿದ್ದ.

ಆದಿಲಕ್ಷ್ಮಿಗೆ ಆ ಭಾನುವಾರ ಚೆನ್ನಾಗಿ ನೆನಪಿತ್ತು. ಖುರ್ಷೀದ್‌ನ ತಂಗಿ ಉಮ್ಮೆ ಕುಲ್ಸುಮ್‌ಳ ನಿಕಾಹ್ ಅದೇ ದಿನ ಶಿವಾಜಿನಗರದಲ್ಲಿ ನಡೆದಿತ್ತು. ಮದುಮಗಳ ಜರಿ ಬ್ಲೌಸು ಹೊಲಿದವಳು ತಾನೇ. ಗಂಡ ಊರಲ್ಲಿ ಇಲ್ಲವೆಂದು ಮಗಳನ್ನು ಕರೆದುಕೊಂಡು ಹೋಗಿದ್ದಳು. ಶೇರ್ವಾನಿಯ ತೋಳು ಮಡಚಿಕೊಂಡು, ತಾಟು ಹಿಡಿದು, ಇನ್ನೂ ಸ್ವಲ್ಪ ಭಾಭಿ, ಇನ್ನೂ ಸ್ವಲ್ಪ ಎಂದು ಅವಳ ತಟ್ಟೆಗೆ ಬಿರಿಯಾನಿ ಬಡಿಸಿದವನು ಈ ಖುರ್ಷೀದೇ. ಎರಡು ದಿನ ಬಿಟ್ಟು ಗಂಡ ಕುಂಟುತ್ತ ಬಂದಾಗ ಅವನ ಚೀಲದಲ್ಲಿ ರಕ್ತ ಹತ್ತಿದ ಜರ್ಸಿ ಸಿಕ್ಕಿತ್ತು. ಬೆನ್ನ ಮೇಲೆ ಹದಿನಾಲ್ಕು ಇತ್ತು. ಕೇಳಿದ್ದಕ್ಕೆ ಬದಲಾಯಿತು ಎಂದಿದ್ದ. ಅವಳು ನಂಬಿ, ಅದನ್ನು ಮೂರು ನೀರಿನಲ್ಲಿ ತೊಳೆದಿದ್ದಳು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದಕ್ಕೆ, ಬಸಣ್ಣನವರು ಸ್ಟೇಷನ್‌ನಿಂದ ನೇರ ಪುತ್ತೂರು ಕಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದರು, ದುಡ್ಡೂ ಅವರೇ ಕೊಟ್ಟರು, ದೊಡ್ಡ ಮನುಷ್ಯ ಎಂದಿದ್ದ. ಮುರಿಯದ ಮೂಳೆಗೆ ಮೊಟ್ಟೆ, ಸೊಪ್ಪು, ಬಿದಿರ ದಬ್ಬೆ ಕಟ್ಟಿ ಮೂರು ವಾರ ಮಲಗಿಸಿದ್ದರು. ಆಸ್ಪತ್ರೆಗೆ ಹೋಗಿದ್ದರೆ ಪೆಟ್ಟು ಬಿದ್ದದ್ದು ಎಲ್ಲಿ, ಯಾರಿಗೆ ಎಂದು ಬರೆಯಬೇಕಾಗುತ್ತಿತ್ತು. ದೊಡ್ಡ ಮನುಷ್ಯನ ದೊಡ್ಡತನ ಆದಿಲಕ್ಷ್ಮಿಗೆ ಏಳು ವರ್ಷ ತಡವಾಗಿ ಅರ್ಥವಾಯಿತು.

ಬಸ್ಸಿನಲ್ಲಿ ಬಾಯಿ ಬಿಗಿ ಹಿಡಿದು ಕೂತವಳು ಮನೆಯ ಬಾಗಿಲು ಹಾಕಿದ ಮೇಲೆ ಬಿಟ್ಟಳು. ಅವಳ ಕೂಗಿಗೆ ಪಕ್ಕದ ಮನೆಯ ರೇಡಿಯೋ ನಿಂತಿತು. ಎಲ್ಲ ಮುಗಿಯುವವರೆಗೆ ಅಂಜನಮೂರ್ತಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

"ಹಿಂದೆ ನಿಲ್ಲೋಕೆ ಬೇರೆ ಯಾರೂ ಇರ್ಲಿಲ್ಲ ಆದಿ" ಎಂದ ಆಮೇಲೆ. "ಖುರ್ಷೀದ್ ಐಡಿ ಕಾರ್ಡ್ ಇತ್ತು, ಖುರ್ಷೀದ್ ಇರ್ಲಿಲ್ಲ. ಬಸಣ್ಣೋರು ಕಾರ್ಡ್ ಕೈಗಿಟ್ಟು ಹೋಗು ಅಂದ್ರು. ಹೋದೆ."

"ಬೆಂಕಿಗೆ ಹೋಗು ಅಂದಿದ್ರೂ ಹೋಗ್ತಿದ್ರಾ?"

"ಈಗ ಹೋಗ್ತಾ ಇದೀನಲ್ಲ."

ಈ ಮಾತಿಗೆ ಅವಳಿಗೆ ನಗು ಬರಬೇಕಿತ್ತೋ ಅಳು ಬರಬೇಕಿತ್ತೋ, ಬಂದದ್ದು ಸಿಟ್ಟು. ಫೈನಲ್‌ನ ಇನ್‌ಕ್ರಿಮೆಂಟು ಎಲ್ಲರಿಗೂ ಸಿಕ್ಕಿತು, ಕಪ್ಪು ಉಳಿಸಿದವನಿಗೆ ಅದೂ ಇಲ್ಲ, ಯಾಕೆಂದರೆ ಕಾಗದದಲ್ಲಿ ಅವನು ಹೊರಗೆ ಕೂತಿದ್ದ. ನಾಳೆಯೇ ಹೋಗಿ ಆಡಿದವನು ನಾನು ಎಂದು ಬರೆದುಕೊಡಿ ಎಂದಳು. ಅವನು ಒಪ್ಪಲಿಲ್ಲ. ಹಾಗೆ ಬರೆದರೆ ಮೋಸ ಮಾಡಿ ಗೆದ್ದದ್ದು ಎಂದಾಗುತ್ತದೆ, ಕಪ್ಪು ವಾಪಸು ಹೋಗುತ್ತದೆ, ಎಲ್ಲರ ಇನ್‌ಕ್ರಿಮೆಂಟು ಹೋಗುತ್ತದೆ, ಖುರ್ಷೀದ್‌ನ ಕೆಲಸವೇ ಹೋದರೂ ಹೋಯಿತು ಎಂದ. ಆ ಹುಡುಗರೆಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ ಎಂದ.

"ಟೀಮ್ ಮುಚ್ಚಿ ಆರು ತಿಂಗಳಾಯ್ತು" ಎಂದಳು ಆದಿಲಕ್ಷ್ಮಿ. "ಇನ್ನೂ ಯಾರ ಗೋಲ್ ಕಾಯ್ತಿದೀರಿ ನೀವು?"

ಆ ರಾತ್ರಿ ಅವಳು ಅವನಿಗೆ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ.

ಭಾನುವಾರ ಅವಳು ಒಬ್ಬಳೇ ಶಿವಾಜಿನಗರಕ್ಕೆ ಹೋದಳು. ಖುರ್ಷೀದ್ ಈಗ ಅದೇ ಫೌಂಡ್ರಿಯ ಚಾರ್ಜ್‌ಮನ್. ಯಾರು ಬೋಗುಣಿ ಹೊರಬೇಕು, ಯಾರು ಮರಳು ಜರಡಿ ಹಿಡಿಯಬೇಕು ಎಂದು ಬೆಳಿಗ್ಗೆ ಹೆಸರು ಕೂಗುವವನು ಅವನೇ. ದಿನಾ ಬೆಳಿಗ್ಗೆ ಆ ಕುಂಟನ್ನು ನೋಡಿ ನಿನಗೆ ಅನ್ನ ಹೇಗೆ ಇಳಿಯುತ್ತದೆ ಎಂದು ಮುಖಕ್ಕೆ ಕೇಳಬೇಕೆಂದು ಹೋದಳು. ಅವನು ಮನೆಯಲ್ಲಿರಲಿಲ್ಲ. ಅವನ ತಾಯಿ ಇಮಾಮ್ ಬೀ ಇದ್ದಳು. ಕಣ್ಣಿಗೆ ಪೊರೆ ಬಂದ ಮುದುಕಿ ದನಿಯಿಂದಲೇ ಗುರುತು ಹಿಡಿದು, ಆವೋ ಬೇಟಿ ಎಂದು ಕೈಹಿಡಿದು ಕೂರಿಸಿ, ಸುಲೈಮಾನಿ ಚಹಾ ಕೊಟ್ಟಳು. ಮಗನಿಗೆ ಬಡ್ತಿ ಸಿಕ್ಕಿದ ಮೇಲೆ ಶೀಟು ತೆಗೆಸಿ ತಾರಸಿ ಹಾಕಿಸಿದ್ದು, ಮದುವೆಯ ಸಾಲ ತೀರಿದ್ದು, ಎಲ್ಲ ಹೇಳಿದಳು. ಎಲ್ಲ ಆ ಕೊಯಮತ್ತೂರಿನ ಕಪ್ಪಿನ ಬರ್ಕತ್ತು, ನನ್ನ ಮಗ ಕಾಲಿಗೆ ಪೆಟ್ಟು ಬಿದ್ದರೂ ಆಡಿದನಂತೆ ಎಂದಳು.

ತಂಗಿಯ ನಿಕಾಹ್ ದಿನ ಮಗ ಮನೆಯಲ್ಲೇ ಇದ್ದದ್ದು ಈ ತಾಯಿಗೆ ಗೊತ್ತು. ಕಪ್ಪು ಗೆದ್ದದ್ದು ಯಾವ ದಿನವೆಂಬುದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಆದಿಲಕ್ಷ್ಮಿ ಚಹಾ ಕುಡಿದು, ಲೋಟ ಕೆಳಗಿಟ್ಟು, ಬರುತ್ತೇನೆ ಅಮ್ಮ ಎಂದು ಎದ್ದು ಬಂದಳು. ಬಸ್ ಸ್ಟ್ಯಾಂಡಿನವರೆಗೂ ತನ್ನನ್ನು ತಾನೇ ಬೈದುಕೊಂಡಳು. ಸಿಟ್ಟು ಮಾಡಲು ಹೋದ ಕಡೆಯಲ್ಲೆಲ್ಲ ಒಬ್ಬ ಮುದುಕಿ ಚಹಾ ಹಿಡಿದು ಕೂತಿರುತ್ತಾಳೆ, ಬಸಣ್ಣನಂಥವರು ಕೋಟೆ ಕಟ್ಟಿಕೊಳ್ಳುವುದೇ ಹೀಗೆ ಎನಿಸಿತು.

ಆಯುಧಪೂಜೆ ಬಂತು. ಕಾರ್ಖಾನೆಗೆ ಹಬ್ಬದ ದಿನ ರಜೆಯಾದ್ದರಿಂದ ಹಿಂದಿನ ದಿನ, ಶುಕ್ರವಾರವೇ ಪೂಜೆ. ಅವತ್ತು ಮನೆಯವರನ್ನೂ ಒಳಗೆ ಬಿಡುತ್ತಾರೆ. ಹೆಂಗಸರು ರೇಷ್ಮೆ ಸೀರೆಯಲ್ಲಿ, ಮಕ್ಕಳು ಹೊಸ ಬಟ್ಟೆಯಲ್ಲಿ ಶೆಡ್ಡು ಶೆಡ್ಡು ತಿರುಗುತ್ತಾರೆ. ಲೇತು, ಡ್ರಿಲ್ಲು, ಟ್ರಕ್ಕು ಎಲ್ಲಕ್ಕೂ ಅರಿಸಿನ ಕುಂಕುಮ, ಚೆಂಡು ಹೂವಿನ ಹಾರ. ತಂಡ ಇದ್ದಾಗ ಫುಟ್‌ಬಾಲು, ಬೂಟುಗಳು, ಸೀಟಿಯನ್ನೂ ಇಟ್ಟು ಪೂಜೆ ಮಾಡುತ್ತಿದ್ದರು. ಒಂದು ವರ್ಷ ಬಸಣ್ಣನವರು ತಮಾಷೆಗೆ, ನಮ್ಮ ಆಯುಧ ಇದು ನೋಡ್ರಿ ಎಂದು ಅಂಜನಮೂರ್ತಿಯ ಕಾಲಿಗೆ ಕುಂಕುಮ ಹಚ್ಚಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತಮಾಷೆ ಪದ್ಧತಿಯಾಯಿತು. ವರ್ಷಾ ವರ್ಷ ಮಂಗಳಾರತಿಯ ಮೊದಲು ಅವನು ಸ್ಟೂಲಿನ ಮೇಲೆ ಕೂತು ಪ್ಯಾಂಟು ಮಡಚುವುದು, ಅವರು ಬಗ್ಗಿ ಮಂಡಿಗೆ ಕುಂಕುಮ ಇಡುವುದು.

ಈ ವರ್ಷ ತಂಡವಿಲ್ಲ, ಆ ಪದ್ಧತಿಯೂ ಇರುವುದಿಲ್ಲ ಎಂದುಕೊಂಡಿದ್ದಳು ಆದಿಲಕ್ಷ್ಮಿ. ಆದರೆ ಈಗ ವೆಲ್ಫೇರ್ ಆಫೀಸರ್ ಆಗಿದ್ದ ಬಸಣ್ಣನವರಿಗೆ ಕಾರ್ಖಾನೆಯ ಪತ್ರಿಕೆಗೆ ಒಂದು ಫೋಟೋ ಬೇಕಿತ್ತು. ಫೌಂಡ್ರಿಯ ನಡುವೆ ಸ್ಟೂಲು ಹಾಕಿಸಿ, ಅಂಜನಮೂರ್ತಿಯನ್ನು ಕೂರಿಸಿ, ಶಾಲು ಹೊದಿಸಿ, ತಲೆಗೆ ಪೇಟ ಇಟ್ಟರು. ಮೈಕಿನಲ್ಲಿ ಅರ್ಧ ಗಂಟೆ ಹೊಗಳಿದರು. ನಂಬಿಕಸ್ಥ ಎಂಬ ಮಾತನ್ನು ಆದಿಲಕ್ಷ್ಮಿ ಎಣಿಸಿದಳು, ಏಳು ಸಲ ಬಂತು. ಇಂಥ ಒಬ್ಬ ಆಟಗಾರ ಮುಂದಿನ ಪೀಳಿಗೆಗೆ ಮಾದರಿ ಎಂದರು. ಅವರ ಬೆನ್ನ ಹಿಂದೆ, ಹೂವಿನ ಹಾರ ಹಾಕಿಸಿಕೊಂಡು, ಆ ಬೋಗುಣಿ ಕೂತಿತ್ತು. ಸೋಮವಾರ ಅದೇ ಬೋಗುಣಿಯ ಹಿಡಿ ಇವನ ಕೈಗೆ ಬರುತ್ತದೆ.

ಕ್ಯಾಮೆರಾದವನು ಮುಂದೆ ಬಂದ. ಅಂಜನಮೂರ್ತಿ ಅಭ್ಯಾಸದಂತೆ ಪ್ಯಾಂಟು ಮಡಚಿದ. ಊದಿ ಒಂದು ಕಡೆಗೆ ಸರಿದ ಮಂಡಿ ಎಲ್ಲರಿಗೂ ಕಂಡಿತು. ಬಸಣ್ಣನವರು ಕುಂಕುಮದ ಬೆರಳು ಚಾಚಿ ಬಗ್ಗಿದರು. ಆಗ ಆದಿಲಕ್ಷ್ಮಿ ಹೆಂಗಸರ ಸಾಲಿನಿಂದ ಎದ್ದು ಹೋಗಿ ಗಂಡನ ಮಂಡಿಯ ಮೇಲೆ ತನ್ನ ಅಂಗೈ ಮುಚ್ಚಿದಳು.

"ಇದು ಯಾರ ಮಂಡಿ, ಬಸಣ್ಣೋರೇ?"

ಬಸಣ್ಣನವರು ನಗಲು ನೋಡಿದರು. ಏನಮ್ಮ ತಂಗಿ, ನಿನ್ನ ಗಂಡಂದೇ ಮತ್ತ ಎಂದರು.

"ನಿಮ್ಮ ಪುಸ್ತಕದಲ್ಲಿ ಹಾಗಿಲ್ವಲ್ಲ. ಕೊಯಮತ್ತೂರಲ್ಲಿ ಪೆಟ್ಟು ಬಿದ್ದಿದ್ದು ಖುರ್ಷೀದ್ ಎಡಮಂಡಿಗೆ ಅಂತ ನೀವೇ ಬರ್ದಿದೀರಿ. ನಾನು ಕಣ್ಣಾರೆ ನೋಡ್ಬಂದೆ. ಕುಂಕುಮ ಅವನ ಮಂಡಿಗೆ ಇಡಿ. ಇದು ನನ್ನ ಗಂಡಂದು ಅಂದ್ರೆ, ಹಾಗಂತ ಬರ್ಕೊಡಿ. ಆಮೇಲೆ ಇಡಿ."

ಶೆಡ್ಡಿನಲ್ಲಿ ಇನ್ನೂರು ಜನ ಇದ್ದರು. ಅಂಜನಮೂರ್ತಿ ಅವಳ ಕೈಯನ್ನು ಮೆಲ್ಲಗೆ ಸರಿಸಲು ನೋಡಿದ, ಅವಳು ಬಿಡಲಿಲ್ಲ. ಇದೆಲ್ಲ ಮಾತಾಡುವ ಜಾಗ ಇದಲ್ಲ ಎಂದು ಮೇಲಿನ ಸಾಹೇಬರೊಬ್ಬರು ಇಂಗ್ಲಿಷಿನಲ್ಲಿ ಅಂದರು. ಹಾಗಾದರೆ ಆ ಜಾಗ ಯಾವುದು ಎಂದು ಅವಳು ಕೇಳುವಷ್ಟರಲ್ಲಿ ಹಿಂದಿನಿಂದ ಜನರನ್ನು ಸರಿಸಿಕೊಂಡು ಖುರ್ಷೀದ್ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಅವಳನ್ನು ತಡೆಯಲು ಬಂದನೆಂದೇ ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು.

"ಭಾಭಿ ಹೇಳ್ತಿರೋದು ಸರಿ" ಎಂದ ಖುರ್ಷೀದ್. "ಆ ದಿನ ನಾನು ಕೊಯಮತ್ತೂರಲ್ಲಿ ಇರ್ಲಿಲ್ಲ. ಶಿವಾಜಿನಗರದಲ್ಲಿ, ನನ್ನ ತಂಗಿ ಮದುವೇಲಿ, ಭಾಭಿ ತಟ್ಟೆಗೆ ಬಿರಿಯಾನಿ ಹಾಕ್ತಿದ್ದೆ."

ಬಸಣ್ಣನವರ ಬೆರಳಿನ ಕುಂಕುಮ ನೆಲಕ್ಕೆ ಉದುರಿತು. ಪುರೋಹಿತರು ಗಡಿಬಿಡಿಯಲ್ಲಿ ಮಂಗಳಾರತಿ ಎತ್ತಿದರು, ಯಾರೋ ಜೋರಾಗಿ ಗಂಟೆ ಬಾರಿಸಿದರು, ಬೂದುಗುಂಬಳಕಾಯಿ ಒಡೆದರು. ಹೀಗೆ ಹಬ್ಬ ಮುಂದುವರಿಯಿತು.

ಮನೆಗೆ ಬಂದ ಮೇಲೆ ಅಂಜನಮೂರ್ತಿ ಮೂರು ದಿನ ಅವಳೊಂದಿಗೆ ಮಾತಾಡಲಿಲ್ಲ. ಅವನು ಸಿಟ್ಟಾದದ್ದನ್ನು ಅವಳು ಮದುವೆಯಾದಂದಿನಿಂದ ಕಂಡಿರಲಿಲ್ಲ, ಈಗ ಕಂಡದ್ದು ತನ್ನ ಮೇಲೆಯೇ. ಖುರ್ಷೀದ್‌ನ ಕೆಲಸ ಹೋದರೆ ಆ ಮುದುಕಿಗೆ ಏನು ಹೇಳುತ್ತೀ ಎಂದು ಮಗಳ ಕೈಯಲ್ಲಿ ಕೇಳಿಸಿದ. ಅವಳಿಗೂ ಅದೇ ಯೋಚನೆ ಎದೆ ಕೊರೆಯುತ್ತಿತ್ತು. ಆದರೂ ಮಾಡಿದ್ದು ತಪ್ಪೆಂದು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಯಾರ ಕೆಲಸವೂ ಹೋಗಲಿಲ್ಲ. ತನಿಖೆ ಮಾಡಿದರೆ ಮೊದಲು ಸಿಕ್ಕಿಬೀಳುವವರು ಬಸಣ್ಣ, ಆಮೇಲೆ ಬಸಣ್ಣನ ವರದಿಗೆ ಸಹಿ ಹಾಕಿದ ಸಾಹೇಬರುಗಳು. ಹಾಗಾಗಿ ತನಿಖೆಯೇ ಬೇಡವೆಂದು ಮೇಲಿನವರು ತೀರ್ಮಾನಿಸಿದರು. ಹಬ್ಬ ಕಳೆದು ಹತ್ತು ದಿನಕ್ಕೆ ಒಂದು ಮಂಗಳವಾರ ಸಂಜೆ ಬಸಣ್ಣನವರು ತಾವೇ ಗೌತಮಪುರಕ್ಕೆ ಬಂದು, ಒಂದು ಲಕೋಟೆ ಕೊಟ್ಟು, ಒಳಗೂ ಬಾರದೆ ಹೋದರು. ಸ್ಟೋರ್‌ಗೆ ವರ್ಗ ಮಾಡಿದೆ, ಒಪ್ಪಿಗೆ ಎಂದು ಸಹಿ ಮಾಡಿ ನಾಳೆ ತಂದುಕೊಡು, ಮುಗಿದುಹೋಗಲಿ ಎಂದಿದ್ದರು.

ಅಂಜನಮೂರ್ತಿಯ ಮುಖ ಬೆಳಗಿತು. ಯಾರಿಗೂ ತೊಂದರೆಯಿಲ್ಲ, ತನ್ನ ಕಾಲೂ ಉಳಿಯಿತು. ಮೂರು ದಿನದ ಮೌನದ ಬಾಕಿಯನ್ನೆಲ್ಲ ತೀರಿಸುವವನಂತೆ ಹೆಂಡತಿಯೊಡನೆ ಮಾತಾಡಿದ. ಪೆನ್ನು ತರಲು ಮಗಳಿಗೆ ಹೇಳಿ, ಏನು ಬರೆದಿದ್ದಾರೆ ಓದು ಎಂದ. ರಮ್ಯಶ್ರೀ ಓದಿದಳು. ನೌಕರನ ಎಡಗಾಲು ಹುಟ್ಟಿನಿಂದಲೇ ದುರ್ಬಲವಾಗಿರುವುದನ್ನು ಪರಿಗಣಿಸಿ, ಮಾನವೀಯ ನೆಲೆಯಲ್ಲಿ, ಕರುಣೆಯಿಂದ ಈ ಲಘು ಕೆಲಸವನ್ನು ನೀಡಲಾಗಿದೆ. ಮೇಲ್ಕಂಡ ವಿವರಗಳು ಸತ್ಯವೆಂದು ನಾನು ಒಪ್ಪಿರುತ್ತೇನೆ. ಅದರ ಕೆಳಗೆ ಸಹಿಯ ಗೆರೆ.

ಇನ್ನೊಂದು ಸಲ ಓದು ಎಂದ. ಅವಳು ಓದಿದಳು. ಅವನು ಪೆನ್ನಿನ ಕ್ಯಾಪು ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಊಟ ಮಾಡಿ ಮಲಗಿದ. ಬೆಳಿಗ್ಗೆ ಸಹಿ ಹಾಕುತ್ತಾನೆ ಎಂದುಕೊಂಡಳು ಆದಿಲಕ್ಷ್ಮಿ.

ಬೆಳಿಗ್ಗೆ ಆರೂ ನಲವತ್ತಕ್ಕೆ ಶಿವಾಜಿನಗರದಿಂದ ಬರುವ ಕಾರ್ಖಾನೆಯ ಬಸ್ಸು ಬೀದಿಯ ತುದಿಗೆ ಬಂದು ನಿಂತಿತು. ದಿನಾ ಅದು ಬರುವಷ್ಟರಲ್ಲಿ ಅಂಜನಮೂರ್ತಿ ಅಲ್ಲಿ ನಿಂತಿರುತ್ತಿದ್ದ. ಅಂದು ಲುಂಗಿ ಉಟ್ಟು, ಬರಿಮೈಯಲ್ಲಿ, ಹೊಸ್ತಿಲ ಮೇಲೆ ಎಡಗಾಲು ನೀಡಿಕೊಂಡು ಕೂತಿದ್ದ. ಹಾರನ್ ಕೇಳಿಸಿತು. ಆದಿಲಕ್ಷ್ಮಿ ಡಬ್ಬಿ ಹಿಡಿದು ಬಂದು, ರೀ, ಬಸ್ಸು ಎಂದಳು. ಅವನು ಏಳಲಿಲ್ಲ. ಮತ್ತೆ ಹಾರನ್. ಇಷ್ಟು ದಿನ ಕೂಗಾಡಿದವಳಿಗೆ ಈಗ ಭಯವಾಯಿತು. ಮನೆ ಬಾಡಿಗೆ, ಮಗಳ ಶಾಲೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಸಹಿ ಹಾಕಿಬಿಡಿ, ಕಾಗದದಲ್ಲಿ ಏನಿದ್ದರೇನು, ಕೂತು ಮಾಡುವ ಕೆಲಸ ಸಿಗುತ್ತದಲ್ಲ ಎಂದಳು. ಹೇಳುತ್ತಿರುವವಳು ತಾನೇ ಎಂದು ಅವಳಿಗೇ ನಂಬಲಾಗಲಿಲ್ಲ.

"ಹುಟ್ಟಿನಿಂದಲೇ ವೀಕ್ ಅಂತೆ ಆದಿ" ಎಂದ ಅವನು. "ನನ್ನ ಕಾಲು."

ಬಸ್ಸಿನಿಂದ ಇಳಿದು 'ಮೂರ್ತಿ ಭಾಯ್' ಎಂದು ಕೂಗುತ್ತ ಖುರ್ಷೀದ್ ಓಡಿಬಂದ. ಮೈಗೆ ಹುಷಾರಿಲ್ಲವೇ, ಡ್ರೈವರ್ ಕಾಯುತ್ತಿದ್ದಾನೆ, ಇವನು ಹೀಗೆ ಕಾಯಿಸಿದ್ದನ್ನು ಒಂದು ದಿನವೂ ಕಂಡಿಲ್ಲವಂತೆ ಎಂದ.

"ಹೋಗೋಕೆ ಹೇಳು" ಎಂದ ಅಂಜನಮೂರ್ತಿ. ಸಹಿಯಿಲ್ಲದ ಕಾಗದವನ್ನು ನಾಲ್ಕಾಗಿ ಮಡಚಿ ಖುರ್ಷೀದ್‌ನ ಅಂಗಿಯ ಜೇಬಿಗೆ ಇಟ್ಟ. "ಇದನ್ನ ಬಸಣ್ಣಂಗೆ ಕೊಡು. ಈ ಕಾಲು ಕೊಯಮತ್ತೂರಲ್ಲಿ ಆಡಿ ಹೋಗಿದ್ದು ಅಂತ ಬರ್ದು ಕಳಿಸಿದ ದಿನ ಬರ್ತೀನಿ."

ಬಸಣ್ಣೋರು ಎನ್ನಲಿಲ್ಲ, ಬಸಣ್ಣ ಎಂದ. ಅದು ಖುರ್ಷೀದ್‌ಗೂ ಕೇಳಿಸಿತು, ಆದಿಲಕ್ಷ್ಮಿಗೂ ಕೇಳಿಸಿತು. ಖುರ್ಷೀದ್ ಜೇಬು ಮುಟ್ಟಿಕೊಂಡು ಬಸ್ಸಿನ ಕಡೆಗೆ ನಡೆದ. ಬಸ್ಸು ಇನ್ನೂ ಎರಡು ಸಲ ಹಾರನ್ ಹೊಡೆಯಿತು. ಆಮೇಲೆ ಹದಿನಾರು ವರ್ಷಗಳಲ್ಲಿ ಮೊದಲ ಸಲ, ಕರೆದರೂ ಬಾರದ ಅಂಜನಮೂರ್ತಿಯನ್ನು ಬಿಟ್ಟು ಹೊರಟುಹೋಯಿತು. ಆದಿಲಕ್ಷ್ಮಿ ಡಬ್ಬಿ ಕೆಳಗಿಟ್ಟು, ಹೊಸ್ತಿಲ ಮೇಲೆ ಅವನ ಪಕ್ಕದಲ್ಲಿ ಕೂತಳು.